ಒಂದು ಖರೀದಿಗೆ ಒಂದೇ ಆಟ

ಅಕ್ಕನ ಬಲಗೈ ತೋರುಬೆರಳಿನ ತುದಿ ಸದಾ ಕಪ್ಪಗಿರುತ್ತಿತ್ತು. ಅಚ್ಚಾದದ್ದು ಏನೇ ಸಿಗಲಿ, ಸಾಲಿನ ಕೆಳಗೆ ಬೆರಳೊತ್ತಿ ಎಳೆಯುತ್ತ ಓದುವುದು ಅವಳ ರೂಢಿ. ಮಿರ್ಚಿ ಕಟ್ಟಿಕೊಟ್ಟ ಪೇಪರನ್ನೂ ಬಿಡುತ್ತಿರಲಿಲ್ಲ. ಗುಳಿಗೆಯ ಡಬ್ಬಿಯೊಳಗಿನ ಚೀಟಿ ಪೂರ್ತಿ ಓದಿದ ಮೇಲೆಯೇ ಅವ್ವನಿಗೆ ಗುಳಿಗೆ. "ಅಷ್ಟರಾಗ ನನ್ನ ಜ್ವರಾನ ಇಳಿದು ಹೋಗಿರತೈತಿ ನೋಡು" ಎಂದು ಅವ್ವ ನಗುತ್ತಿದ್ದಳು.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಹಾನಗಲ್ಲಿನಲ್ಲಿ ಟೇಲರ್ ಆದವನು. ಅಕ್ಕ ಅದೇ ಊರಿನ ಕಂಪ್ಯೂಟರ್ ಕ್ಲಾಸಿನಲ್ಲಿ ಟೈಪಿಂಗ್ ಕಲಿಸುತ್ತಿದ್ದಳು. ಮೊಬೈಲಿನ ಆಟ ಮಾಡುವುದನ್ನು ಮನೆಯಲ್ಲಿ ಕೂತು ತಾನೇ ಕಲಿತಳು. ಮೊದಲ ಆಟಕ್ಕೆ ದೂರದ ಕಂಪನಿಯೊಂದರಿಂದ ಟೆಂಪ್ಲೇಟ್ ಕೊಂಡಳು. ಅದು ಅರ್ಧ ಸಿದ್ಧವಾದ ಆಟ. ಓಡುವುದು, ಜಿಗಿಯುವುದು, ಅಂಕ ಏರುವುದು ಯಾರೋ ಮಾಡಿಟ್ಟಿರುತ್ತಾರೆ. ಚಿತ್ರ, ಸದ್ದು ನಾವು ಕೂಡಿಸಬೇಕು. ಅಕ್ಕ ಅದರೊಳಗೆ ನಮ್ಮ ಕಡೆಯ ಹೋರಿ ಹಬ್ಬವನ್ನು ತಂದಳು. ಕೊರಳ ತುಂಬ ಕೊಬ್ಬರಿ ಸರ ಕಟ್ಟಿಕೊಂಡ ಹೋರಿ, ಆ ಸರ ಹರಿಯಲು ಬರುವ ಮಂದಿಯ ಕೈಗೆ ಸಿಗದೆ ಓಡಬೇಕು. ಆ ಹೋರಿಯ ಕೊಂಬನ್ನು ಎಷ್ಟು ಸಲ ಅಳಿಸಿ ಬಿಡಿಸಿದಳೋ.

ನಾನು ಕೆಣಕಿದ್ದೆ. "ಮಂದಿ ಮಾಡಿದ್ದು ತಂದು ನಿನ್ನ ಹೆಸರಿಲೆ ಬಿಡಾಕತ್ತಿ. ಇದು ಕಳವಲ್ಲೇನಬೇ?"

ಅವಳು ಹನ್ನೊಂದು ಹಾಳೆ ತಂದು ನನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟಳು. ಕಂಪನಿಯ ಕರಾರು, ಎಲ್ಲ ಇಂಗ್ಲಿಷ್. ಪಕ್ಕದಲ್ಲಿ ಪೆನ್ಸಿಲಿನಿಂದ ಅವಳ ಕನ್ನಡ.

"ಕಳವು ಹೆಂಗಾಗತೈತಿ? ಅವರು ಮಾರ್ಯಾರ, ನಾ ತೊಗೊಂಡೇನಿ. ಆಟ ಮಾಡಿ ನನ್ನ ಹೆಸರಿಲೆ ಬಿಡಬಹುದು ಅಂತ ಅವರ ಬರದಾರ. ಆದ್ರ ಒಂದು ಖರೀದಿಗೆ ಒಂದ ಆಟ. ಒಳಗಿನ ಫೈಲ್ ಮತ್ತೊಬ್ಬರ ಕೈಯಾಗ ಕೊಡೂಹಂಗಿಲ್ಲ."

"ರೊಕ್ಕ ಕೊಟ್ಟ ಮ್ಯಾಲ ನಮ್ದ ಆತಲ್ಲ?"

"ಬಳಸಾಕ ನಮ್ದು, ಹಂಚಾಕ ಅಲ್ಲ. ತಲ್ಯಾಗ ಹೋತಿಲ್ಲೋ?"

ಹೋಯಿತು ಎಂದೆ. ಹೋಗಿರಲಿಲ್ಲ. ನಮ್ಮ ಕಸುಬಿನಲ್ಲಿ ಜಂಪರ್ ಕತ್ತರಿಸುವ ಕಾಗದದ ಅಚ್ಚು ಅಂಗಡಿಯಿಂದ ಅಂಗಡಿಗೆ ತಿರುಗುತ್ತದೆ. ನನ್ನ ಮೊದಲ ಅಚ್ಚು ಶಿಗ್ಗಾಂವಿಯ ಟೇಲರೊಬ್ಬರು ಕೊಟ್ಟದ್ದು. ಅವರಿಗೆ ಅದು ತಡಸದಿಂದ ಬಂದಿತ್ತು. ಕೇಳಿದವರಿಗೆ ಅಚ್ಚು ಕೊಡದ ಟೇಲರನನ್ನು ನಾವು ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಟ ಹಿರೇಕೆರೂರು, ರಟ್ಟೀಹಳ್ಳಿಯವರೆಗೂ ಹೋಯಿತು. ಆಗ ಬಂದ ಸವಣೂರಿನ ಗೆಳೆಯ. ಹಿಂದೆ ನನ್ನ ಜೊತೆ ಹೊಲಿಗೆ ಕಲಿತವನು, ಈಗ ಮೊಬೈಲ್ ಅಂಗಡಿ ಇಟ್ಟಿದ್ದ.

"ನಿಮ್ಮಕ್ಕನ ಆಟದ ಫೈಲ್ ನನಗ ಕೊಡೋ. ಅದರಾಗ ನಮ್ಮೂರ ಹೋರಿ ಹಾಕಿ ಬಿಡ್ತೇನಿ."

"ಅಕ್ಕಗ ಒಂದು ಮಾತು ಕೇಳ್ತೇನಿ ತಡಿ."

"ಮೀಸಿ ಬಂದು ಎಷ್ಟು ವರ್ಷಾತು, ಇನ್ನೂ ಅಕ್ಕಗ ಕೇಳ್ತಾನಂತ!"

ಆ ನಗು ತಾಳಲಿಲ್ಲ. ಅಕ್ಕ ಕ್ಲಾಸಿಗೆ ಹೋದಾಗ ಅವನನ್ನು ಮನೆಗೆ ಕರೆದು ಅವಳ ಕಂಪ್ಯೂಟರ್ ತೆರೆದುಕೊಟ್ಟೆ. ಪಾಸ್‌ವರ್ಡನ್ನು ನನಗೆ ಹೇಳಿದವಳು ಅವಳೇ, ತಮ್ಮ ಎಂದು.

ಅವನು ತನ್ನ ಹೋರಿಯನ್ನು ಬಿಟ್ಟ. ಸಾಲದ್ದಕ್ಕೆ ಆ ಫೈಲನ್ನು ಬೇಕಾದವರು ತೆಗೆದುಕೊಳ್ಳಲೆಂದು ಗ್ರೂಪುಗಳಲ್ಲಿ ಹಾಕಿದ. ಮಾರಿದ ಪ್ರತಿ ಟೆಂಪ್ಲೇಟಿನೊಳಗೂ ಕೊಂಡವರ ನಂಬರು ಇರುತ್ತದಂತೆ. ಅದನ್ನು ಹಿಡಿದು ಕಂಪನಿಯ ಪತ್ರ ಅಕ್ಕನಿಗೆ ಬಂತು: ಫೈಲು ಹೊರಗೆ ಹೋದದ್ದು ಹೇಗೆಂದು ಏಳು ದಿನದೊಳಗೆ ತಿಳಿಸಬೇಕು.

"ನನ್ನ ಕಂಪ್ಯೂಟರ್ ಯಾರರ ಮುಟ್ಟಿದ್ರೇನೋ?" ಎಂದು ಕೇಳಿದಳು.

"ಯಾರ್ ಮುಟ್ತಾರಬೇ? ನಾ ಅಂತೂ ಯಾರ್ನೂ ನೋಡಿಲ್ಲ."

ನಂಬಿದಳು. ತನ್ನಿಂದ ಫೈಲು ಯಾರಿಗೂ ಹೋಗಿಲ್ಲ ಎಂದು ಬರೆದು ಕಳಿಸಿದಳು. ಏಳು ದಿನವೂ ಅವಳ ಎದುರಿಗೆ ಕೂತು ರೊಟ್ಟಿ ತಿಂದೆ. ನಂಬರು ನಿಮ್ಮದೇ, ನೀವು ಸುಳ್ಳು ಹೇಳುತ್ತಿದ್ದೀರಿ ಎಂದು ಕಂಪನಿ ಪರವಾನಗಿ ರದ್ದು ಮಾಡಿತು. ಅವಳು ಆಟ ಬಿಟ್ಟಿದ್ದ ಇಂಟರ್ನೆಟ್ ತಾಣದವರು ಕಂಪನಿಯ ದೂರಿನ ಮೇಲೆ ಅವಳ ಖಾತೆಯನ್ನೇ ಮುಚ್ಚಿದರು. ಅವಳ ಹೆಸರಿನಲ್ಲಿ ಮುಂದೆ ಎಂದೂ ಆಟ ಬಿಡುವಂತಿಲ್ಲ. ನಿಜ ಬರೆದಿದ್ದರೆ ಕ್ಷಮಿಸುತ್ತಿದ್ದರೋ ಇಲ್ಲವೋ ನನಗೆ ತಿಳಿಯದು. ಆದರೆ ಕರಾರಿನ ಒಂದು ಸಾಲನ್ನೂ ಮೀರದವಳ ಕೈಯಿಂದ ಸುಳ್ಳು ಬರೆಸಿದವನು ನಾನು.

ಸವಣೂರಿಗೆ ಹೋಗಿ ಗೆಳೆಯನ ಕೊರಳಪಟ್ಟಿ ಹಿಡಿದೆ. "ಬಾಗಿಲಾ ತಗದಾಂವ ನೀನ. ನಾ ಏನು ಕೀಲಿ ಮುರದು ಬಂದ್ನೇನು?" ಎಂದ. ಬಿಟ್ಟು ಬಂದೆ.

ಅಕ್ಕ ಮತ್ತೆ ಆಟ ಮಾಡಲಿಲ್ಲ. ಆ ಹನ್ನೊಂದು ಹಾಳೆಗಳನ್ನು ಮಾತ್ರ ಮೇಲಿಂದ ಮೇಲೆ ತೆಗೆದು ಓದುತ್ತಿದ್ದಳು. "ಎಲ್ಲೋ ಒಂದು ಸಾಲು ನಾನ ತಪ್ಪು ತಿಳಕೊಂಡೇನಿ, ಅದು ಯಾವ್ದು ಅಂತ ಸಿಗವಲ್ದು" ಎನ್ನುತ್ತಿದ್ದಳು. ನಾನು ಮಿಷನ್ ಜೋರಾಗಿ ತುಳಿಯುತ್ತಿದ್ದೆ.

ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡಳು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಅವಳ ಮಂಚದ ಹತ್ತಿರವೇ ಇದ್ದೆ. ಅಲ್ಲಿಯೂ ನಿಜ ಹೇಳಲಿಲ್ಲ.

ಹನ್ನೊಂದನೆಯ ದಿನದ ಊಟಕ್ಕೆ ಓಣಿಯ ಮಂದಿ ಕೂತಿದ್ದರು. ನಾನು ಬಡಿಸುತ್ತಿದ್ದೆ. ಹಿರಿಯರೊಬ್ಬರು ಪಕ್ಕದವರಿಗೆ ಹೇಳಿದರು: "ಭಾಳ ಶಾಣ್ಯಾ ಹುಡುಗಿರಿ. ಆ ಹೋರಿ ಆಟ ಒಂದು ಕಳವು ಮಾಡಿ ಹೆಸರು ಕೆಡಿಸಿಕೊಂಡ್ಳು ನೋಡ್ರಿ."

ಪಂಕ್ತಿಯವರೆಲ್ಲ ನನ್ನ ಕಡೆ ನೋಡಿದರು. ತಮ್ಮ ಏನಾದರೂ ಹೇಳಿಯಾನು ಎಂದು ಕೈ ನಿಲ್ಲಿಸಿದವರೂ ಇದ್ದರು.

ನಾನು ಆ ಹಿರಿಯರ ಎಲೆಯ ಮುಂದೆ ಬಗ್ಗಿ, "ಅನ್ನಾ ಹಾಕ್ಲೇನ್ರಿ?" ಎಂದೆ.