ಒಂಟೆ ಹೇಳಿದ್ದೂ ಅಮ್ಮ ಅರ್ಥ ಹೇಳಿದ್ದೂ

ಒಂಟೆಯೊಂದರ ಕಷ್ಟ ನೋಡಲಾರದೆ ನಾನು ಅತ್ತಿದ್ದೇನೆ. ನಿಜವಾದ ಒಂಟೆಯಾಗಿದ್ದರೆ ಹೇಳಿಕೊಳ್ಳಲು ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಇದು ಕಂಪ್ಯೂಟರಿನಲ್ಲಿ ಹುಟ್ಟಿದ ನೀಲಿ ಒಂಟೆ. ಎರಡು ಕಾಲ ಮೇಲೆ ನಡೆಯುತ್ತದೆ, ಮಾತುಮಾತಿಗೆ ಹಾಡು ಹೇಳುತ್ತದೆ, ಮಳೆ ಬಂದರೆ ಡುಬ್ಬದೊಳಗಿನಿಂದ ಕೊಡೆ ತೆಗೆಯುತ್ತದೆ. ಅದು ಮರಳಿನಲ್ಲಿ ದಾರಿ ತಪ್ಪಿ ಅಮ್ಮನನ್ನು ಕೂಗಿದಾಗ, ತರೀಕೆರೆಯ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುವ, ಹುಡುಗರು ಎದುರಾದರೆ ಹುಬ್ಬು ಗಂಟಿಕ್ಕಿಕೊಳ್ಳುವ ನಾನು ಟವೆಲಿನಲ್ಲಿ ಮುಖ ಮುಚ್ಚಿಕೊಂಡೆ. ಕಣ್ಣಿಗೆ ಧೂಳು ಬಿತ್ತು ಎಂದೆ. ನನ್ನ ಹೆಂಡತಿ ಶೈಲಾ, "ಟೀವಿ ಒಳಗಿನ ಮರಳು ಸೋಫಾವರೆಗೂ ಹಾರ್ತು ನೋಡಿ" ಎಂದು ಒಗ್ಗರಣೆ ಹಾಕಲು ಒಳಗೆ ಹೋದಳು.

ಈ ಒಂಟೆ ಅಜ್ಜಂಪುರದ ನಮ್ಮ ಮನೆಗೆ ಬಂದದ್ದು ಬೀರೂರಿನಿಂದ. ಅಲ್ಲಿ ರೈಲ್ವೆ ಕೆಲಸದಲ್ಲಿದ್ದ ನನ್ನ ಭಾವಮೈದುನನಿಗೆ ವರ್ಗವಾಯಿತು. ಸಾಮಾನು ಕಟ್ಟುವಾಗ ಅವನು ತನ್ನ ಮಕ್ಕಳು ನೋಡಿ ಬಿಟ್ಟಿದ್ದ ಡಿವಿಡಿಗಳನ್ನೂ ಅವುಗಳ ಪ್ಲೇಯರನ್ನೂ ಅಕ್ಕಿ ಚೀಲವೊಂದರಲ್ಲಿ ತುಂಬಿ ನಮ್ಮ ಮನೆಗೆ ಸಾಗಹಾಕಿದ. "ಈಗೆಲ್ಲಾ ಫೋನಲ್ಲೇ ಬರುತ್ತೆ ಭಾವ, ಇದನ್ಯಾರು ನೋಡ್ತಾರೆ?" ಎಂದು ಬೇರೆ ಹೇಳಿದ. ನನಗೆ ರೇಗಿಹೋಯಿತು. ಫೋನಿನಲ್ಲಿ ಬಂದದ್ದು ಫೋನಿನಲ್ಲೇ ಹೋಗುತ್ತದೆ; ಕರೆನ್ಸಿ ಮುಗಿದರೆ ಒಂಟೆಯೂ ಇಲ್ಲ, ಮರಳೂ ಇಲ್ಲ. ಡಬ್ಬಿಯಲ್ಲಿ ಇಟ್ಟದ್ದು ಹಾಗಲ್ಲ, ಅದು ನಮ್ಮದು. ಉಪ್ಪಿನಕಾಯಿಯ ವಿಷಯದಲ್ಲಿ ನಾವು ತಲೆತಲಾಂತರದಿಂದ ನಂಬಿಕೊಂಡು ಬಂದದ್ದನ್ನು ನಾನು ಸಿನಿಮಾಕ್ಕೂ ಅನ್ವಯಿಸಿದೆ, ಅಷ್ಟೇ. ಡಿವಿಡಿಗಳನ್ನು ಒರೆಸಿ, ಹಳೆಯ ಸ್ಟೀಲ್ ಡಬ್ಬಿಯೊಂದರಲ್ಲಿ ಜೋಡಿಸಿ, ಮೇಲೆ 'ಸಂಗ್ರಹ' ಎಂದು ಚೀಟಿ ಅಂಟಿಸಿದೆ. ಶೈಲಾ ಅದನ್ನು ಚಕ್ಕುಲಿ ಡಬ್ಬಿ ಎಂದೇ ಕರೆಯುತ್ತಾಳೆ.

ಇಂಥ ಚಿತ್ರಗಳು ಒಂದೇ ಬರುವುದಿಲ್ಲ ಎಂಬುದು ನಿಮಗೂ ಗೊತ್ತಿರಬಹುದು. ಮೊದಲನೆಯದು ಓಡಿತೋ, ಬಾಲ ಹಿಡಿದುಕೊಂಡು ಎರಡನೆಯದು, ಮೂರನೆಯದು ಬರುತ್ತಲೇ ಇರುತ್ತವೆ. ಮೊದಲ ಭಾಗದಲ್ಲಿ ಪ್ರಾಣಿ ಅನಾಥ. ಎರಡನೆಯದರಲ್ಲಿ ಎಲ್ಲಿಂದಲೋ ಒಬ್ಬ ನೆಂಟ ಬಂದು ಇಳಿಯುತ್ತಾನೆ. ಮೂರನೆಯದರಲ್ಲಿ ಎಲ್ಲರೂ ಸಮುದ್ರಕ್ಕೆ ಹೋಗುತ್ತಾರೆ. ನಾಲ್ಕನೆಯದರಲ್ಲಿ ಮದುವೆ, ಮಗು. ಆಮೇಲೆ ಕಥೆ ಬರೆಯುವವರಿಗೆ ಭೂಮಿಯ ಮೇಲೆ ಏನೂ ತೋಚದೆ ಎಲ್ಲರನ್ನೂ ಚಂದ್ರನ ಮೇಲೆ ಕಳಿಸುತ್ತಾರೆ. ನಗಬೇಡಿ. ನಮ್ಮ ಹಳೆಯ ಕಥೆಗಳಲ್ಲೂ ಭೂಮಿಯ ಮೇಲೆ ರಾಕ್ಷಸರು ಮುಗಿದ ತಕ್ಷಣ ನಾಯಕನನ್ನು ಸ್ವರ್ಗಕ್ಕೆ ಕರೆದುಕೊಂಡು ಹೋಗಿ ಅಲ್ಲೊಂದು ಯುದ್ಧ ಹಚ್ಚಿಬಿಡುತ್ತಿದ್ದರು. ಸರಣಿ ಎಳೆಯುವ ವಿದ್ಯೆ ನಮಗೇನೂ ಹೊಸದಲ್ಲ.

ತೊಂದರೆಯಿದ್ದದ್ದು ಒಂದೇ: ಡಿವಿಡಿಗಳೆಲ್ಲ ಇಂಗ್ಲಿಷಿನಲ್ಲಿದ್ದವು. ನನ್ನ ಪುಟ್ಟ ಮಗಳು ಸಿರಿಗೆ ಆಗಿನ್ನೂ ಸರಿಯಾಗಿ ಕನ್ನಡವೇ ಬರುತ್ತಿರಲಿಲ್ಲ. ನಾನೂ ಶೈಲಾಳೂ ಕೆಲಸಕ್ಕೆ ಹೋದ ಮೇಲೆ ಅವಳನ್ನು ನೋಡಿಕೊಳ್ಳುತ್ತಿದ್ದದ್ದು ನನ್ನ ಅಮ್ಮ ಗೌರಮ್ಮ. ಅಮ್ಮನ ಇಂಗ್ಲಿಷು ಬಸ್ಸು, ಲೈಟು, ಕುಕ್ಕರು ಇಷ್ಟರಲ್ಲಿ ಮುಗಿಯುತ್ತದೆ. ಆದರೆ ಅಮ್ಮ ಇದನ್ನೊಂದು ತೊಂದರೆ ಎಂದು ತಿಳಿದುಕೊಳ್ಳಲೇ ಇಲ್ಲ. ನಮ್ಮ ಕಡೆ ಶ್ರಾವಣದಲ್ಲಿ ಮಠದಲ್ಲಿ ಪುರಾಣ ಓದಿಸುತ್ತಾರೆ. ಒಬ್ಬರು ರಾಗವಾಗಿ ಒಂದು ಪದ್ಯ ಓದಿ ನಿಲ್ಲಿಸುತ್ತಾರೆ. ಪಕ್ಕದಲ್ಲಿ ಕುಳಿತವರು ಅದರ ಅರ್ಥ ಹೇಳುತ್ತಾರೆ. ಪದ್ಯ ನಾಲ್ಕು ಸಾಲಿದ್ದರೆ ಅರ್ಥ ಅರ್ಧ ಗಂಟೆ. ಅದರಲ್ಲಿ ಪದ್ಯದಲ್ಲಿಲ್ಲದ ಅತ್ತೆ, ಸೊಸೆ, ಸಂತೆ, ಕೊಬ್ಬರಿ ಧಾರಣೆ ಎಲ್ಲವೂ ಬರುತ್ತದೆ. ಜನ ಕಾಯುವುದೂ ಅದಕ್ಕೇ. ಹುಟ್ಟಿದಾಗಿನಿಂದ ಇದನ್ನೇ ಕೇಳಿ ಬೆಳೆದ ಅಮ್ಮ ಟೀವಿಯನ್ನು ಓದುವವರ ಜಾಗದಲ್ಲಿ ಕೂರಿಸಿ, ರಿಮೋಟ್ ಹಿಡಿದು ತಾನು ಅರ್ಥ ಹೇಳುವ ಜಾಗದಲ್ಲಿ ಕುಳಿತಳು. ಒಂಟೆ ಒಂದು ಮಾತಾಡುವುದು, ಅಮ್ಮ ರಿಮೋಟ್ ಒತ್ತುವುದು. ಒಂಟೆ ಬಾಯಿ ತೆರೆದುಕೊಂಡು ನಿಂತಿರುವುದು, ಅರ್ಥ ಶುರುವಾಗುವುದು.

ಒಂದು ದಿನ ಮಧ್ಯಾಹ್ನ ಬೇಗ ಮನೆಗೆ ಬಂದಾಗ ನಾನು ಬಾಗಿಲಲ್ಲೇ ನಿಂತು ಕೇಳಿದೆ. ಒಂಟೆಯ ಹೆಸರು ನೀಲಪ್ಪ ಎಂದಾಗಿತ್ತು. ಕಣಿವೆಯನ್ನು ವಶಮಾಡಿಕೊಳ್ಳಲು ಹೊಂಚು ಹಾಕುವ ಮಾಂತ್ರಿಕ ಗೂಬೆಯೊಂದು ಆ ಚಿತ್ರದಲ್ಲಿದೆ. ಅಮ್ಮ ಹೇಳುತ್ತಿದ್ದಳು: "ಇವ್ನು ಅಮಲ್ದಾರ ಕಣೇ. ನೋಡು, ಕನ್ನಡಕ ಹಾಕ್ಕಂಡು ಎತ್ತರದಾಗೆ ಕೂತವ್ನೆ, ಬಂದೋರ್ನೆಲ್ಲಾ ಗದರಿಸ್ತವ್ನೆ. ನೀಲಪ್ಪನ ಹೆಸರಿಗೆ ಖಾತೆ ಮಾಡ್ಕೊಡೋ ಅಂದ್ರೆ ನಾಳೆ ಬಾ ಅಂತವ್ನೆ."

"ಅಮ್ಮ, ಅದು ಮಂತ್ರವಾದಿ" ಎಂದೆ.

"ಮಂತ್ರವಾದಿ ಆಗಿದ್ರೆ ಇಷ್ಟೊತ್ತಿಗೆ ಕೆಲ್ಸ ಆಗಿರ್ತಿತ್ತು. ನೀ ಕೈಕಾಲು ತೊಳ್ಕ ಹೋಗು" ಎಂದಳು.

ಇಷ್ಟೇ ಆಗಿದ್ದರೆ ಸರಿ. ಅಮ್ಮ ಡಬ್ಬಿಗೆ ಕೈ ಹಾಕಿದಾಗ ಮೇಲೆ ಸಿಕ್ಕಿದ್ದು ನಾಲ್ಕನೆಯ ಭಾಗ. ಅದರಲ್ಲಿ ನೀಲಪ್ಪನಿಗೆ ಮದುವೆಯಾಗಿ ಮರಿ ಹುಟ್ಟುತ್ತದೆ. ಆಮೇಲೆ ಸಿಕ್ಕಿದ್ದು ಮೊದಲನೆಯ ಭಾಗ. ಅದರಲ್ಲಿರುವುದು ನೀಲಪ್ಪನ ಬಾಲ್ಯ. ಅಮ್ಮ ಅದನ್ನು ನೀಲಪ್ಪನ ಮಗನ ಕಥೆ ಎಂದು ತೀರ್ಮಾನಿಸಿಬಿಟ್ಟಳು. "ಅಪ್ಪನ ಬಣ್ಣಾನೇ ಬಂದೈತೆ ನೋಡು" ಎಂದು ಸಂತೋಷವನ್ನೂ ಪಟ್ಟಳು. ವಾಣಿಜ್ಯಶಾಸ್ತ್ರದ ಶಿಸ್ತಿನಿಂದ ನಾನು ಭಾಗಗಳನ್ನು ಕ್ರಮವಾಗಿ ಜೋಡಿಸಿ ತೋರಿಸಲು ಹೋದೆ. ಸಿರಿ ಒಂದೇ ಸಮನೆ ಅತ್ತಳು. ನನ್ನ ಲೆಕ್ಕದ ಪ್ರಕಾರ ಹೋದರೆ ಅವಳ ಪ್ರೀತಿಯ ಮರಿ ನೀಲಪ್ಪ, ಎಂದರೆ ಅಜ್ಜಿ ಕಥೆ ಕಟ್ಟಿದ್ದ ಆ ಮಗ, ಭೂಮಿಯ ಮೇಲೆ ಇರುವುದೇ ಇಲ್ಲವಲ್ಲ! ಮಗುವಿರುವ ಮನೆಯಲ್ಲಿ ಇಂಥ ಸಾವು ಯಾಕೆ ಮಾಡಿಸಬೇಕು ಎಂದು ನಾನು ಭಾಗಗಳನ್ನು ಮತ್ತೆ ಕಲಸಿಟ್ಟೆ.

ಇನ್ನೊಂದು ಭಾಗದಲ್ಲಿ ಗೀರು ಬಿದ್ದಿತ್ತು. ನೀಲಪ್ಪ ಹೊಳೆಗೆ ಕಾಲಿಡುವ ಹೊತ್ತಿಗೆ ಚಿತ್ರ ಗಕ್ಕನೆ ನಿಂತು, ಚೌಕ ಚೌಕವಾಗಿ ನಡುಗಿ, ಮತ್ತೆ ಹೊರಡುತ್ತಿತ್ತು. "ನೀರು ಆಳ ಐತೇನೋ ಅಂತ ಯೋಚ್ನೆ ಮಾಡ್ತಾ ಅವ್ನೆ" ಎಂದು ಅಮ್ಮ ಅದಕ್ಕೂ ಅರ್ಥ ಹೇಳಿದಳು. ನಿಂತದ್ದು ಹೊರಡದಿದ್ದರೆ ಡಿವಿಡಿ ತೆಗೆದು, ಗೀರಿಗೆ ವಿಭೂತಿ ಉಜ್ಜಿ, ಸೆರಗಿನಲ್ಲಿ ಒರೆಸಿ ಹಾಕುತ್ತಿದ್ದಳು. ಹೊರಡುತ್ತಿತ್ತು, ದೇವರಾಣೆಗೂ! ಇದರ ವೈಜ್ಞಾನಿಕ ಕಾರಣವನ್ನು ನಮ್ಮ ಕಾಲೇಜಿನ ಭೌತಶಾಸ್ತ್ರದವರನ್ನು ಕೇಳಿದೆ. ಅವರು ಒಂದು ಚಿಟಿಕೆ ವಿಭೂತಿ ತಂದುಕೊಡಿ ಎಂದರು. ಅವರ ಮನೆಯಲ್ಲೂ ಒಂದು ಡಬ್ಬಿ ಇತ್ತಂತೆ.

ಹೀಗೆ ವರ್ಷಗಳು ಕಳೆದವು. ಸಿರಿ ನಮ್ಮೂರ ಕನ್ನಡ ಶಾಲೆಗೆ ಸೇರಿ, ಎರಡನೆಯ ಕ್ಲಾಸಿಗೆ ಬಂದಳು. "ನಮ್ಮಜ್ಜಿಗೆ ಒಂಟೆ ಮಾತು ಬರುತ್ತೆ" ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಳು. ಅವಳ ಪಾಲಿಗೆ ಇಂಗ್ಲಿಷ್ ಎಂಬುದೊಂದು ಇರಲೇ ಇಲ್ಲ. ನೀಲಪ್ಪ ಆಡುವುದು ಒಂಟೆ ಭಾಷೆ, ಅದು ಗೊತ್ತಿರುವುದು ಅಜ್ಜಿಗೆ ಮಾತ್ರ. ಅಪ್ಪ ಓದಿದವನು ನಿಜ, ಆದರೆ ಅವನಿಗೆ ಒಂಟೆ ಭಾಷೆ ಬರುವುದಿಲ್ಲ, ಪಾಪ. ಅಮ್ಮ ಇದನ್ನು ಕೇಳಿ ಮೇಲೆ ಮೇಲೆ "ಸುಮ್ನಿರೇ" ಎನ್ನುತ್ತಿದ್ದಳು. ಒಳಗೊಳಗೇ ಬೀಗುತ್ತಿದ್ದಳು.

ಆಗ ಬಂತು ನೋಡಿ ಸುದ್ದಿ. ನೀಲಿ ಒಂಟೆಯ ಹೊಸ ಭಾಗ ಬಿಡುಗಡೆಯಾಗಿದೆ, ಕಡೂರಿನ ಟಾಕೀಸಿಗೆ ಬಂದಿದೆ, ಅದೂ ಕನ್ನಡದಲ್ಲಿ ಡಬ್ ಆಗಿ! ಸಿರಿ ಕುಣಿದಳು. ನಾನೂ ಕುಣಿಯುವುದರಲ್ಲಿದ್ದೆ, ಅಮ್ಮನ ಮುಖ ನೋಡಿ ನಿಂತೆ. ಅಮ್ಮ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿದ್ದಳು.

ಸಿರಿ ಆಚೆ ಹೋದ ಮೇಲೆ ಮೆಲ್ಲಗೆ ಕೇಳಿದಳು: "ಒಂಟೆ ಕನ್ನಡದಾಗೇ ಮಾತಾಡ್ತದೇನೋ?"

"ಹೂಂ."

"ಎಲ್ಲಾರ್ಗೂ ತಿಳಿಯೋ ಹಂಗೆ?"

"ಹೂಂ ಅಮ್ಮ."

"ಮುಗೀತು ಬಿಡು. ಇಷ್ಟು ದಿನ ಅಜ್ಜಿ ಬರೀ ಸುಳ್ಳು ಹೇಳಿದ್ಲು ಅಂತ ಆಯ್ತದೆ. ಇನ್ಮೇಲೆ ನಾನು ಏನು ಹೇಳಿದ್ರೂ ಮಗು ನಂಬ್ತದೇನೋ?"

ನಗು ಬಂದರೂ ನಗಲಾಗಲಿಲ್ಲ. ಅಮ್ಮನ ಕಣ್ಣು ತುಂಬಿಕೊಂಡಿತ್ತು. ಮೊಮ್ಮಗಳ ಮುಂದೆ ಸುಳ್ಳಿ ಆಗುವುದೆಂದರೆ ಅವಳಿಗೆ ಊರ ಮುಂದೆ ಮಾನ ಹೋದಂತೆ. ಪ್ರವಾಸ ತಪ್ಪಿಸಲು ನಾನು ಮಾಡದ ಪ್ರಯತ್ನವಿಲ್ಲ. ಕಡೂರಿನಲ್ಲಿ ಬಿಸಿಲು ಜಾಸ್ತಿ ಎಂದೆ. ಟಾಕೀಸಿನಲ್ಲಿ ತಿಗಣೆ ಎಂದೆ. ನೀಲಪ್ಪನಿಗೆ ನೆಗಡಿಯಾಗಿ ಸಿನಿಮಾ ಮುಂದಕ್ಕೆ ಹೋಗಿದೆ ಎಂದೂ ಹೇಳಿ ನೋಡಿದೆ. "ಅಜ್ಜೀನ ಕೇಳ್ತೀನಿ" ಎಂದು ಸಿರಿ ಓಡಿದಳು. ಅಮ್ಮ ತನಗೆ ತಲೆ ಸುತ್ತುತ್ತಿದೆ, ನೀವೇ ಹೋಗಿಬನ್ನಿ ಎಂದು ಮಲಗಿಬಿಟ್ಟಳು. ಅಜ್ಜಿ ಬರದಿದ್ದರೆ ತಾನೂ ಹೋಗುವುದಿಲ್ಲ ಎಂದು ಸಿರಿ ಅವಳ ಪಕ್ಕದಲ್ಲೇ ಮಲಗಿದಳು. ಸ್ವಲ್ಪ ಹೊತ್ತಿಗೆ ಇಬ್ಬರೂ ಎದ್ದು ತಲೆ ಬಾಚಿಕೊಂಡರು.

ಭಾನುವಾರ ರೈಲು ಹತ್ತಿ ಕಡೂರಿಗೆ ಹೋದೆವು. ಸಿರಿ ಕಿಟಕಿಯಲ್ಲಿ ಕಂಡ ಎಮ್ಮೆಗಳಿಗೆಲ್ಲ ನೀಲಪ್ಪನ ಸುದ್ದಿ ಹೇಳುತ್ತಿದ್ದಳು. ಅಮ್ಮ ಮಾತ್ರ ಆಸ್ಪತ್ರೆಗೆ ಹೊರಟವಳಂತೆ ಸೆರಗು ಹೊದ್ದು ಕೂತಿದ್ದಳು. ಟಾಕೀಸಿನಲ್ಲಿ ಮಕ್ಕಳ ಗಲಾಟೆಯೋ ಗಲಾಟೆ. ಲೈಟು ಆರಿತು. ಸಿರಿ ನನಗೂ ಅಮ್ಮನಿಗೂ ನಡುವೆ, ಅಮ್ಮನ ಕೈ ಹಿಡಿದು ಕುಳಿತಳು. ಪರದೆಯ ಮೇಲೆ ನೀಲಪ್ಪ ಬಂದು, ಗುಡ್ಡದ ತುದಿಯಲ್ಲಿ ನಿಂತು, ಗಂಟಲು ಸರಿಮಾಡಿಕೊಂಡ. ಅಮ್ಮ ಕಣ್ಣು ಮುಚ್ಚಿದಳು.

"ಓ ನನ್ನ ಪ್ರಿಯ ಸಂಗಾತಿಗಳೇ! ನಮ್ಮ ಕಣಿವೆಯ ಅಸ್ತಿತ್ವವು ಇಂದು ಅಪಾಯದ ಅಂಚಿನಲ್ಲಿದೆ! ನಿಮ್ಮ ಅಂತರಂಗದಲ್ಲಿ ಹುದುಗಿರುವ ಅದಮ್ಯ ಚೈತನ್ಯವನ್ನು ನಂಬಿರಿ!" ಎಂದ ನೀಲಪ್ಪ.

ಸಿರಿ ಕಣ್ಣು ಪಿಳಿಪಿಳಿ ಬಿಟ್ಟಳು. ನನ್ನನ್ನು ನೋಡಿದಳು. ಆಮೇಲೆ ಅಜ್ಜಿಯ ಮೊಣಕೈ ಎಳೆದಳು.

"ಅಜ್ಜಿ, ಏನಂತಿದಾನೆ? ಕನ್ನಡದಲ್ಲಿ ಹೇಳಜ್ಜಿ."

ಅಮ್ಮ ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದು. ನಾನು ಉಸಿರು ಬಿಟ್ಟೆ. ಹೋದ ಜೀವ ಬಂದಂತಾಯಿತು. ಅಮ್ಮ ನೆಟ್ಟಗೆ ಕೂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಏನಿಲ್ಲ ಕಣೇ, ಅಮಲ್ದಾರ ಬತ್ತಾ ಅವ್ನೆ, ಎಲ್ಲಾರೂ ಅವರವರ ಪತ್ರ ಎತ್ತಿಟ್ಕಳಿ ಅಂತವ್ನೆ" ಎಂದು ಶುರುಮಾಡಿದಳು. ಒಂದೇ ಒಂದು ಕೊರತೆಯೆಂದರೆ ಇಲ್ಲಿ ರಿಮೋಟ್ ಇರಲಿಲ್ಲ. ನೀಲಪ್ಪ ನಿಲ್ಲದೆ ಮುಂದಕ್ಕೆ ಹೋಗುತ್ತಿದ್ದ. "ಇದೇನಿದು, ಉಸ್ರೂ ಬಿಡಲ್ವಲ್ಲ ಇವ್ನು" ಎಂದು ಗೊಣಗುತ್ತಾ ಅಮ್ಮ ಅವನ ಹಿಂದೆ ಓಡಿದಳು.

ಕೊನೆಗೆ ಬಂತು ಆ ದೃಶ್ಯ. ಈ ಭಾಗದಲ್ಲಿ ನೀಲಪ್ಪನಿಗೆ ಒಬ್ಬಳು ಅಜ್ಜಿ ಇದ್ದಾಳೆ, ಬಿಳಿ ರೆಪ್ಪೆಯ ಮುದಿ ಒಂಟೆ. ಅವಳು ಮೊಮ್ಮಗನ ತಲೆಯ ಮೇಲೆ ಮೂತಿಯಿಟ್ಟು, "ಮಗೂ, ನನ್ನ ಪಯಣ ಇಲ್ಲಿಗೆ ಮುಗಿಯಿತು. ಇನ್ನು ಆಗಸದ ತಾರೆಯಾಗಿ ನಿನ್ನನ್ನು ಕಾಯುವೆ" ಎಂದಳು. ಮೈಯೆಲ್ಲ ಬೆಳಕಾಗಿ ಮೆಲ್ಲಗೆ ಮೇಲಕ್ಕೆ ಹೊರಟಳು. ಟಾಕೀಸು ಗಪ್‌ಚಿಪ್. ನಾನು ಕರ್ಚೀಫ್ ಹುಡುಕತೊಡಗಿದೆ.

"ಅಜ್ಜಿ ಒಂಟೆ ಏನಂತು?" ಎಂದಳು ಸಿರಿ.

ಅಮ್ಮ ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ ಹೇಳಿದಳು: "ಯಾಕೋ ಸೊಂಟ ಹಿಡ್ಕಂಡೈತಂತೆ. ಹೆಬ್ಬೆಗೆ ಹೋಗಿ, ನೀರು ಬೀಳೋ ಕಡೆ ನಿಂತು, ನೋವು ಇಳಿಸ್ಕಂಡು ಬತ್ತೀನಿ ಅಂತೈತೆ."

"ಮತ್ಯಾಕೆ ನೀಲಪ್ಪ ಅಳ್ತಿದಾನೆ?"

"ಅಜ್ಜೀನ ಊರಿಗೆ ಕಳಿಸೋವಾಗ ಅಳು ಬರಲ್ವೇನೇ?"

"ಮೇಲಕ್ಕೆ ಹೋಗ್ತಿದೆಯಲ್ಲ?"

"ಘಾಟಿ ರಸ್ತೆ ಕಣೇ. ಮೇಲಕ್ಕೇ ಹೋಗ್ಬೇಕು."

ಸಿರಿಗೆ ಸಮಾಧಾನವಾಯಿತು. ಹಿಂದಿನ ಸಾಲಿನಲ್ಲಿ ಯಾರದೋ ಮಗು ಬಿಕ್ಕಿಬಿಕ್ಕಿ ಅಳುತ್ತಿತ್ತು. ಅವಳು ತಿರುಗಿ, "ಅಳ್ಬೇಡ, ಹೆಬ್ಬೆಗೆ ಹೋಗಿದೆ ಅಷ್ಟೇ" ಎಂದು ತಿಳಿಸಿದಳು.

ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಸ್ಟೇಷನ್ನಿನಲ್ಲಿ ರೈಲಿಗೆ ಇನ್ನೂ ಹೊತ್ತಿತ್ತು. ಶೈಲಾಳೂ ಸಿರಿಯೂ ಕಡಲೆಕಾಯಿ ತರಲು ಹೋದರು. ಬೆಂಚಿನ ಮೇಲೆ ನಾನು, ಅಮ್ಮ ಇಬ್ಬರೇ ಉಳಿದೆವು. ನನಗೆ ಹೊಟ್ಟೆಯೊಳಗಿನ ಮಾತು ತಡೆಯಲಾಗಲಿಲ್ಲ.

"ಅಲ್ಲಮ್ಮ, ಮನೇಲಾದ್ರೆ ಸರಿ, ಅದು ಇಂಗ್ಲಿಷು. ಇವತ್ತು ಅಚ್ಚ ಕನ್ನಡದಲ್ಲೇ ಹೇಳ್ತಲ್ಲ. ಆ ಅಜ್ಜಿ ಒಂಟೆ ಮಾತು ನಿಂಗೂ ಅರ್ಥ ಆಗ್ಲಿಲ್ವಾ?"

ಅಮ್ಮ ದೂರದಲ್ಲಿ ಕುಣಿದುಕೊಂಡು ಬರುತ್ತಿದ್ದ ಸಿರಿಯನ್ನು ನೋಡುತ್ತಾ ಹೇಳಿದಳು:

"ಅರ್ಥ ಆಯ್ತು ಕಣೋ. ಅದಕ್ಕೇ ತಿದ್ದಿ ಹೇಳ್ದೆ."