ತೂಬಿನ ಬಳಿ ತೋರಿಸಿದ ಜಾಗ

ರುದ್ರಪ್ಪ, ಕೆರೆಯ ಏರಿ ಅಗೆದು ನೋಡಲು ಬಂದವರಿಗೆ ಕೆಲಸ ಸರಿಯಾಗಿದ್ದ ಒಂದೇ ಒಂದು ಜಾಗ ತೋರಿಸಿದವನು ನಾನು — ಬೇಕೆಂದೇ ತೋರಿಸಿದೆ. ನೀನು ಹೇಳಿದ್ದು ನಿಜವಾಗಿತ್ತು. ಸುಳ್ಳ ಎನಿಸಿಕೊಂಡವನೂ ನೀನೇ.

ಏರಿಯ ಕೆಲಸದಲ್ಲಿ ಮೋಸವಿದೆ ಎಂಬ ಸುದ್ದಿ ನಿನಗೆ ಕೊಟ್ಟವನು ನಾನಲ್ಲವೇ. ಸಾಂಬ್ರಾಣಿ ಊರಿನಿಂದ ನಿನ್ನ ಚಕ್ಕಡಿಯಲ್ಲಿ ಬರುತ್ತ ಬಾಯಿಬಿಟ್ಟಿದ್ದೆ. ಏರಿಗೆ ಹೊದಿಸುವ ಕಲ್ಲಿನ ಕೆಳಗೆ ಜಲ್ಲಿ ಹಾಸದಿದ್ದರೆ ತೆರೆ ಬಡಿದಂತೆಲ್ಲ ಮಣ್ಣು ಒಳಗಿಂದ ಕರಗುತ್ತದೆ. ಗುತ್ತಿಗೆದಾರ ತೂಬಿನ ಹತ್ತಿರ ಮಾತ್ರ ಜಲ್ಲಿ ಹಾಕಿಸಿದ. ಉಳಿದೆಡೆ ಬರೀ ಮಣ್ಣಿನ ಮೇಲೆ ಕಲ್ಲು ಕೂರಿಸಿದೆವು — ಕೂರಿಸಿದ್ದು ನನ್ನ ಕೈ. ಏರಿಯ ಕೆಳಗೇ ನಿನ್ನ ಗದ್ದೆ. ನೀನು ಹಳಿಯಾಳಕ್ಕೆ ಹೋಗಿ ಶಾಸಕರ ಮುಂದೆ ಹೇಳಿದೆ, ನನ್ನ ಹೆಸರು ಎತ್ತಲಿಲ್ಲ. ಅವರು ಬೆಂಗಳೂರಿನ ವಿಧಾನಸಭೆಯಲ್ಲಿ ಎದ್ದು ನಿಂತು, ಜನರ ದುಡ್ಡು ಎಲ್ಲಿ ಹೋಯಿತೆಂದು ಸರ್ಕಾರವನ್ನು ಕೇಳಿದರು. ಆಮೇಲೆ ಏರಿ ಅಗೆಸಿ ನೋಡಲು ಶಾಸಕರ, ಎಂಜಿನಿಯರ್ ಸಾಹೇಬರ ಜೀಪುಗಳು ಬಂದವು.

ಊರೆಲ್ಲ ಏರಿಯ ಮೇಲಿತ್ತು. ಎಲ್ಲಿ ಅಗೆಸಬೇಕೆಂದು ಶಾಸಕರು ನಿನ್ನನ್ನೇ ಕೇಳಿದರು. ನೀನು ನನ್ನ ಕಡೆ ಕೈ ಮಾಡಿದೆ.

"ಅವನ್ನ ಕೇಳ್ರಿ. ಕಲ್ಲು ಇಟ್ಟಾವ ಅವನ. ಅವ ತೋರಿಸಿದಲ್ಲೇ ಅಗಸ್ರಿ."

ಎಂಜಿನಿಯರ್ ಸಾಹೇಬರು ನಕ್ಕರು. "ಹೇಳೋ ಮೇಸ್ತ್ರಿ, ನಿನ್ನ ಕೆಲಸ ಕಚ್ಚಾ ಐತೇನು?"

ನನ್ನ ಕೈಕೆಳಗೆ ಕಲ್ಲು ಕಟ್ಟುವ ಗೌಂಡಿಗಳೆಲ್ಲ ಕಿವಿಗೊಟ್ಟಿದ್ದರು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ನಾನಿಟ್ಟ ಕಲ್ಲು ಅಲುಗುವುದಿಲ್ಲ ಎಂಬುದೊಂದೇ ನನ್ನ ಮರ್ಯಾದೆ. ಹೆದರಿದೆನೇ? ಇಲ್ಲ. ಯಾರೂ ನನಗೆ ಏನೂ ಕೊಟ್ಟಿರಲಿಲ್ಲ. ಕಚ್ಚಾ ಎಂದು ನನ್ನ ಬಾಯಿಂದಲೇ, ಅಷ್ಟು ಜನರೆದುರು — ಆಗಲಿಲ್ಲ. ತೂಬಿನ ಕಡೆ ನಡೆದೆ.

"ಇಲ್ಲಿ ಅಗೀರಿ" ಎಂದೆ.

ಕಲ್ಲು ಎಬ್ಬಿಸಿದರೆ ಕೆಳಗೆ ಗೇಣುದ್ದ ಜಲ್ಲಿ. "ರುದ್ರಪ್ಪನ ಹೊಟ್ಟಿಯುರಿ ಈ ಕೆರಿಗಿಂತ ಆಳ ಐತಿ ಬಿಡ್ರಿ" ಎಂದನೊಬ್ಬ. ಎಲ್ಲರೂ ನಕ್ಕರು, ನನ್ನ ಗೌಂಡಿಗಳೂ. ಶಾಸಕರು ಜೀಪು ಹತ್ತಿದರು. ದೂರಿನಲ್ಲಿ ಹುರುಳಿಲ್ಲವೆಂದು ಸರ್ಕಾರ ಸಭೆಗೆ ಉತ್ತರ ಕೊಟ್ಟಿತಂತೆ. ನೀನು ನನ್ನನ್ನು ನೋಡಿದೆ — ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ನಿನ್ನದೇ ಏನೋ ತಪ್ಪಾಗಿದೆ ಎಂಬಂತೆ ನೋಡಿದೆ.

ಮರು ಮಳೆಗಾಲಕ್ಕೆ ಏರಿ ಜರಿದು, ಮಣ್ಣು ಕಲ್ಲು ನಿನ್ನ ಗದ್ದೆಯ ಮೇಲೆ ಕೂತವು. ಮಳೆ ಹೆಚ್ಚಾಯಿತು ಎಂದರು ಸಾಹೇಬರು. ಆಗಲೂ ನಾನು ಬಾಯಿ ತೆರೆಯಲಿಲ್ಲ — ಇದು ನನ್ನ ಎರಡನೆಯ ತಪ್ಪು, ಬಹುಶಃ ಮೊದಲನೆಯದಕ್ಕಿಂತ ದೊಡ್ಡದು. ನೀನು ದಾಂಡೇಲಿಗೆ ಬಿದಿರು ಹೊರಲು ಹೋದೆ. ನಾನು ಊರಲ್ಲೇ ಉಳಿದೆ, ಮೇಸ್ತ್ರಿ ಎನಿಸಿಕೊಂಡು.

ಈಗ ಅದೇ ಏರಿಗೆ ಮತ್ತೆ ಸರ್ಕಾರದ ಕೆಲಸ ಬಂದಿದೆ. ಸೋಮವಾರ ಶಾಸಕರು ನೋಡಲು ಬರುತ್ತಾರೆ. ಅವತ್ತು ತೂಬಿನ ಬಳಿ ನಾನೇನು ಮಾಡಿದೆ ಎಂದು ಆ ಜನರೆದುರೇ ಹೇಳುತ್ತೇನೆ. ನೀನು ಬರಬೇಕೆಂದಿಲ್ಲ. ಬಂದರೆ — ನಿನ್ನ ಗುಣ ನನಗೆ ಗೊತ್ತು — "ಹೋಗಲಿ ಬಿಡ್ರಿ" ಎಂದು ಮಾತ್ರ ನನ್ನ ಪರ ನಿಲ್ಲಬೇಡ.