ಲಟ್ಟಣಿಗೆಯ ಜೋಗುಳ

ಇವತ್ತು ಮಧ್ಯಾಹ್ನ ಬೆಟಗೇರಿಯ ನಮ್ಮ ಓಣಿಯಲ್ಲಿ ಏನೋ ಕಡಿಮೆಯಾಗಿದೆ ಅನ್ನಿಸಿ, ಓದುತ್ತಿದ್ದ ಪತ್ರಿಕೆ ಕೆಳಗಿಟ್ಟೆ. ಎದುರುಮನೆಯ ಕೈಮಗ್ಗ ನಿಂತಿತ್ತು. ಮನೆಮಂದಿಯೆಲ್ಲ ಮುಂಡರಗಿಗೆ ಮದುವೆಗೆ ಹೋಗಿದ್ದಾರೆ. ಒಳಗೆ ನನ್ನ ಮಗಳು ಮುಕ್ತಾ, ಎರಡು ತುಂಬಿ ಮೂರಕ್ಕೆ ಬಿದ್ದವಳು, ಬಾಯಿ ತೆರೆದುಕೊಂಡು ಗಾಢವಾಗಿ ಮಲಗಿದ್ದಳು. ಇದರಲ್ಲಿ ನಿಮಗೆ ಸುದ್ದಿಯೇನೂ ಕಾಣಲಿಕ್ಕಿಲ್ಲ. ನನ್ನ ಮಟ್ಟಿಗೆ ಇದು ಮುಖಪುಟದ ಸುದ್ದಿ. ಯಾಕೆಂದು ಹೇಳಬೇಕಾದರೆ ಕಳೆದ ವರ್ಷದ ಲಕ್ಷ್ಮೇಶ್ವರಕ್ಕೆ, ಅತ್ತೆಯ ಮನೆಗೆ ನಿಮ್ಮನ್ನು ಕರೆದೊಯ್ಯಬೇಕು.

ಹೆಂಡತಿ ರೇಖಾಳಿಗೆ ಆಗಷ್ಟೇ ಬೆಳ್ಳಟ್ಟಿಯ ಶಾಲೆಯಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿತ್ತು. ನಾನು ಗದಗಿನ ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುವವನು. ನನ್ನ ಕೆಲಸ ಶುರುವಾಗುವುದೇ ಸಂಜೆ. ಹಗಲು ಮಗು ನನ್ನದು, ಸಂಜೆಯಿಂದ ಅವಳದು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಒಪ್ಪದವರು ಅತ್ತೆ ಒಬ್ಬರೇ.

"ಗಂಡಸರ ಕೈಯಾಗ ದಿನಾ ಪೂರ್ತಿ ಕೂಸು ಇರತೈತೇನ? ಇಲ್ಲಾ ಅದನ್ನ ನನ್ನ ಹಂತ್ಯಾಕ ಬಿಡು, ಇಲ್ಲಾ ನೌಕರಿ ಬಿಡು," ಎಂದು ಮಗಳಿಗೆ ಹೇಳಿದರು. ಮಗುವನ್ನು ಬಿಟ್ಟಿರುವುದು ರೇಖಾಳಿಂದ ಆಗುವ ಮಾತಲ್ಲ. ಹಾಗಾಗಿ ಬಿಡಬೇಕಾದದ್ದು ನೌಕರಿಯೇ ಎಂದು ಅವಳ ಮುಖ ಆಗಲೇ ಹೇಳುತ್ತಿತ್ತು.

ನಾನು ಎದೆಯುಬ್ಬಿಸಿದೆ. "ಚಿಂತಿ ಮಾಡಬ್ಯಾಡ್ರಿ ಅತ್ತಿ. ತಿಂಗಳಾತು, ಮಧ್ಯಾಹ್ನ ಅಕಿನ್ನ ನಾನ ಮಲಗಸಾಕತ್ತೇನಿ."

ಸುಳ್ಳಲ್ಲ. ಬೆಟಗೇರಿಯ ಮನೆಯಲ್ಲಿ ಊಟವಾದ ಮೇಲೆ ಅವಳನ್ನು ಹೆಗಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ಅಡ್ಡಾಡಿದರೆ ಸಾಕು, ಕಣ್ಣು ಮುಚ್ಚುತ್ತಿದ್ದಳು. ನನ್ನ ಹೆಗಲಿನ ಮೇಲೆ ನನಗೆ ಅಪಾರ ಅಭಿಮಾನ ಹುಟ್ಟಿತ್ತು. ಕೆಲವರ ಕೈಯಲ್ಲಿ ಅಡುಗೆ ರುಚಿಯಾಗುವಂತೆ ಕೆಲವರ ಹೆಗಲಿನಲ್ಲಿ ನಿದ್ದೆ ಇರುತ್ತದೆ ಎಂದು ಕಚೇರಿಯಲ್ಲಿ ಹೇಳಿಕೊಂಡೂ ಆಗಿತ್ತು.

ಮರುದಿನ ರೇಖಾ ನೌಕರಿಯ ಕಾಗದಪತ್ರದ ಕೆಲಸಕ್ಕೆ ಶಿರಹಟ್ಟಿಗೆ ಹೋದಳು. ಮಧ್ಯಾಹ್ನ ನಾನು ಮುಕ್ತಾಳನ್ನು ಹೆಗಲಿಗೆ ಹಾಕಿಕೊಂಡೆ. ನಾಲ್ಕು ಹೆಜ್ಜೆಯಲ್ಲ, ಪಡಸಾಲೆಯನ್ನೇ ಅಳೆದೆ. ಅವಳು ಕಣ್ಣು ಮುಚ್ಚುವ ಬದಲು ಗಂಟಲು ಬಿಚ್ಚಿದಳು. ಅತ್ತೆ ಸೀರೆ ಕಟ್ಟಿ ಜೋಳಿಗೆ ಮಾಡಿ ತೂಗಿದರು. ಅಳು ಜೋಳಿಗೆಯ ಜತೆ ಅತ್ತಿಂದಿತ್ತ ತೂಗಿತು. ಆಮೇಲೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು.

"ನೋಡ್ರಿ, ಘಾಟ ಸೈತ ಬರವಲ್ದು. ಎಷ್ಟ ದೃಷ್ಟಿ ಆಗೇತಿ ಕೂಸಿಗೆ!" ಎಂದವರು ನನ್ನ ಕಡೆ ತಿರುಗಿ, "ತಿಂಗಳಾತು ಅಂದಿದ್ರಲ್ಲ ಅಳಿಯಂದ್ರ?" ಎಂದರು. ಒಂದೇ ಒಂದು ಸಾಲು. ಸಂಪಾದಕರೂ ನನ್ನನ್ನು ಇಷ್ಟು ಚಿಕ್ಕದರಲ್ಲಿ ಮುಗಿಸಿಲ್ಲ.

ಶಿರಹಟ್ಟಿಯಿಂದ ರೇಖಾ ಬರುವ ಹೊತ್ತಾಗುತ್ತಿತ್ತು. ಈ ಅಳು ಅವಳ ಕಿವಿಗೆ ಬಿದ್ದರೆ ಬೆಳ್ಳಟ್ಟಿಯ ಮಾತು ಅಲ್ಲಿಗೇ ಮುಗಿಯುತ್ತದೆ. ಆಗ ನೆರವಿಗೆ ಬಂದದ್ದು ಕಸುಬು. ವರದಿಯಲ್ಲಿ ಇರುವುದನ್ನು ತಿದ್ದುವುದು ಅರ್ಧ ಕೆಲಸ. ಇರಬೇಕಾದದ್ದು ಏನಿಲ್ಲ ಎಂದು ಹುಡುಕುವುದು ಇನ್ನರ್ಧ. ಹೆಗಲು ಅದೇ, ಮಗು ಅದೇ, ಹೊತ್ತೂ ಅದೇ. ಬೆಟಗೇರಿಯಲ್ಲಿದ್ದು ಇಲ್ಲಿ ಇಲ್ಲದ್ದೇನು?

ಅಳುವಿನ ನಡುವೆ ಮಗು ಉಸಿರು ತೆಗೆದುಕೊಂಡಾಗ ಆ ಮನೆ ಎಷ್ಟು ನಿಶ್ಶಬ್ದವಾಗಿದೆ ಎಂದು ಗೊತ್ತಾಯಿತು. ಮಗ್ಗ! ಬೆಟಗೇರಿಯಲ್ಲಿ ಹುಟ್ಟಿ ಬೆಳೆದವರ ಕಿವಿಗೆ ಮಗ್ಗದ ಸದ್ದು ಬೀಳುವುದೇ ಇಲ್ಲ, ಮೀನಿಗೆ ನೀರು ಕಾಣದ ಹಾಗೆ. ಮುಕ್ತಾಳಿಗೆ ಬೀಳುತ್ತಿತ್ತು. ದಿನಾ ಅವಳನ್ನು ಮಲಗಿಸಿದ್ದು ಎದುರುಮನೆಯ ನೇಕಾರರು; ಹೆಸರು ಹಾಕಿಕೊಂಡದ್ದು ನಾನು.

ಅಡುಗೆಮನೆಗೆ ಓಡಿ ಚಪಾತಿಯ ಮಣೆ, ಲಟ್ಟಣಿಗೆ ತಂದು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತೆ. ಮಗ್ಗದ ಲಾಳಿ ಓಡಿದಂತೆ ಲಟ್ಟಣಿಗೆಯನ್ನು ಗರ್ರನೆ ಉರುಳಿಸಿ, ನೂಲು ಒತ್ತುವ ಹಲಗೆ ಬಡಿದಂತೆ ಧಡ್ ಎಂದು ಕುಟ್ಟಿದೆ. ಗರ್ರ್, ಧಡ್. ಗರ್ರ್, ಧಡ್.

ಅತ್ತೆ ಬಾಗಿಲಿಗೆ ಬಂದು ನಿಂತರು. "ಹಸಿವಾಗೇತೇನ್ರಿ ಅಳಿಯಂದ್ರ? ಚಪಾತಿ ಮಾಡಾಕ ಕುಂತ್ರಲ್ಲ!"

ಮಾತಾಡಿದರೆ ತಾಳ ತಪ್ಪುತ್ತದೆ. ಅಳು ಬಿಕ್ಕಾಯಿತು, ಬಿಕ್ಕು ಆಕಳಿಕೆಯಾಯಿತು. ಮುಕ್ತಾ ನನ್ನ ಅಂಗಿಯ ಗುಂಡಿ ಹಿಡಿದುಕೊಂಡು ಹೊರಳಿ ನಿದ್ದೆ ಹೋದಳು.

ಅಷ್ಟರಲ್ಲಿ ಅಂಗಳದಲ್ಲಿ ರೇಖಾಳ ಚಪ್ಪಲಿಯ ಸದ್ದು. "ಅಳಾಕತ್ತಾಳೇನವಾ?" ಎನ್ನುತ್ತಲೇ ಬಂದಳು. ಅತ್ತೆ ಬಾಯಿಗೆ ಬೆರಳಿಟ್ಟರು.

"ಸಪ್ಪಳ ಮಾಡಬ್ಯಾಡ, ಈಗರ ಮಕ್ಕೊಂಡೈತಿ." ಮಗುವನ್ನೂ ನನ್ನನ್ನೂ ಮಣೆಯನ್ನೂ ಒಮ್ಮೆ ನೋಡಿ, ದನಿ ತಗ್ಗಿಸಿ, "ಹೋಗವಾ ನೀ ನೌಕರಿಗೆ. ಇಂಥಾ ಹುಚ್ಚಪ್ಪನ ಕೈಯಾಗ ಕೂಸು ಆರಾಮ ಇರತೈತಿ," ಎಂದರು.

ಆ ಮನೆಯಲ್ಲಿ ಅಳಿಯನಾಗಿ ನಾನು ಪಡೆದ ಬಿರುದುಗಳಲ್ಲಿ ಇದೇ ದೊಡ್ಡದು. ಕೈ ಸೋತಿತ್ತು, ನಿಲ್ಲಿಸಿದರೆ ಮಗು ಮಿಸುಕುತ್ತಿತ್ತು. ನಾನು ಗೆದ್ದ ಕುದುರೆಯ ಹಾಗೆ ಬೀಗುತ್ತ ಲಟ್ಟಿಸುತ್ತಲೇ ಇದ್ದೆ. ಮುಂದಿನ ಸೋಮವಾರ ರೇಖಾ ಬೆಳ್ಳಟ್ಟಿಯ ಬಸ್ಸು ಹತ್ತಿದಳು.

ಇವತ್ತು ಸಂಜೆ ಅವಳು ಶಾಲೆಯಿಂದ ಬಂದಾಗ, ಮಗ್ಗ, ಲಟ್ಟಣಿಗೆ ಎರಡೂ ಇಲ್ಲದೆ ಮಲಗಿ ಎದ್ದಿದ್ದ ಮುಕ್ತಾ ನನ್ನ ತೊಡೆಯ ಮೇಲೆ ಚುರುಮರಿ ತಿನ್ನುತ್ತಿದ್ದಳು.

"ಬಾರವಾ, ನನ್ನ ಚಿನ್ನವ್ವಾ," ಎಂದು ರೇಖಾ ಕೈ ಚಾಚಿದಳು.

"ವಲ್ಲೆ," ಎಂದಳು ಮಗಳು, ಬಾಯಿ ತುಂಬ ಚುರುಮರಿ.

"ನೋಡ್ರಿ, ಹೆತ್ತಾಕಿ ಬಂದ್ರೂ ಎದ್ದು ಬರವಲ್ಲಳು!"

ಮೊದಲಾಗಿದ್ದರೆ ಇಷ್ಟಕ್ಕೇ ಅವಳ ಕಣ್ಣು ತುಂಬುತ್ತಿತ್ತು. ಇವತ್ತು ಚೀಲವನ್ನು ಗೂಟಕ್ಕೆ ಸಿಕ್ಕಿಸಿ, ಗೋಡೆಗೊರಗಿ ಕಾಲು ಚಾಚಿ, ನಾನು ಮಾಡಿಟ್ಟ ಚಹಾವನ್ನು ಬಿಸಿಯಿರುವಾಗಲೇ ಕುಡಿದಳು. ಕುಡಿದು, ಇನ್ನೊಂದು ಕಪ್ ಕೇಳಿದಳು.